ಚೋಬೆ ನದಿಯ ದೋಣಿ ಸಫಾರಿ: ನೀರು ಇಳಿದಾಗ ಆನೆಗಳು ಹೆಚ್ಚುವುದೇಕೆ?

ಬೋಟ್ಸ್ವಾನಾ ದೇಶದ ಈಶಾನ್ಯ ಮೂಲೆಯಲ್ಲಿ ಕಸಾನೆ ಎಂಬ ಸಣ್ಣ ಪಟ್ಟಣವಿದೆ. ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ ಅಲ್ಲಿಯ ದೋಣಿಕಟ್ಟೆಗಳಿಂದ ಒಂದರ ಹಿಂದೆ ಒಂದರಂತೆ ದೋಣಿಗಳು ಹೊರಟು, ಚೋಬೆ ನದಿಯಲ್ಲಿ ಮೇಲ್ಮುಖವಾಗಿ ಸಾಗಿ, ಚೋಬೆ ರಾಷ್ಟ್ರೀಯ ಉದ್ಯಾನದ ಅಂಚನ್ನು ಬಳಸಿಕೊಂಡು, ಕತ್ತಲಾಗುವ ಮೊದಲು ಹಿಂದಿರುಗುತ್ತವೆ. ಸೆಪ್ಟೆಂಬರಿನಲ್ಲಿ ಈ ದೋಣಿ ಹತ್ತಿದವರು ಒಂದೇ ಸಂಜೆಯಲ್ಲಿ ನೂರಾರು ಆನೆಗಳನ್ನು ಕಾಣುವುದು ಅಪರೂಪವಲ್ಲ. ಫೆಬ್ರವರಿಯಲ್ಲಿ ಅದೇ ದೋಣಿಯಲ್ಲಿ, ಅದೇ ದಾರಿಯಲ್ಲಿ ಹೋದವರಿಗೆ ಬೆರಳೆಣಿಕೆಯಷ್ಟು ಆನೆಗಳೂ ಕಾಣದೆ ಹೋಗಬಹುದು. ಸೋಜಿಗದ ಸಂಗತಿಯೆಂದರೆ, ಆನೆಗಳು ಕಿಕ್ಕಿರಿದಿರುವಾಗ ನದಿ ಸೊರಗಿರುತ್ತದೆ. ನದಿ ಉಕ್ಕಿ ಬಯಲನ್ನೆಲ್ಲ ತುಂಬಿಕೊಂಡಾಗ ದಡಗಳು ಹೆಚ್ಚುಕಡಿಮೆ ಖಾಲಿಯಾಗಿರುತ್ತವೆ. ಪ್ರವಾಸೋದ್ಯಮದ ಕರಪತ್ರಗಳು ಚೋಬೆಯನ್ನು ಸಮೃದ್ಧಿಯ ತಾಣವೆಂದು ವರ್ಣಿಸುತ್ತವೆ. ವಾಸ್ತವದಲ್ಲಿ ದೋಣಿಯಿಂದ ನಾವು ನೋಡುವ ಆ ದಟ್ಟಣೆಗೆ ಕಾರಣ ಒಳನಾಡಿನಲ್ಲಿ ನೀರು ಮುಗಿದಿರುವುದು. ಇದನ್ನು ಅರ್ಥಮಾಡಿಕೊಳ್ಳಲು ಮೊದಲು ನದಿಯನ್ನೇ ಸ್ವಲ್ಪ ಗಮನಿಸಬೇಕು.

ಚೋಬೆ ಹುಟ್ಟುವುದು ಅಂಗೋಲಾದ ಎತ್ತರದ ಪ್ರದೇಶದಲ್ಲಿ; ಅಲ್ಲಿ ಅದರ ಹೆಸರು ಕ್ವಾಂಡೊ. ದಕ್ಷಿಣಕ್ಕೆ ಹರಿದು, ಹಿಂದೆ ಕಾಪ್ರಿವಿ ಪಟ್ಟಿ ಎಂದು ಹೆಸರಾಗಿದ್ದ ನಮೀಬಿಯಾದ ಕಿರಿದಾದ ಭೂಭಾಗವನ್ನು ದಾಟಿ, ಜೌಗು ಪ್ರದೇಶವೊಂದನ್ನು ಹೊಕ್ಕು, ಅಲ್ಲಿ ನೆಲದಡಿಯ ಬಿರುಕೊಂದರ ಜಾಡು ಹಿಡಿದು ಥಟ್ಟನೆ ಈಶಾನ್ಯಕ್ಕೆ ತಿರುಗುತ್ತದೆ. ಆ ಭಾಗದಲ್ಲಿ ಅದು ಲಿನ್ಯಾಂಟಿ. ಇನ್ನೂ ಮುಂದೆ ಬಂದರೆ ಚೋಬೆ. ಕೊನೆಗೆ ಕಸಾನೆಗೆ ಹತ್ತಿರದ ಕಜುಂಗುಲಾ ಬಳಿ ಜಾಂಬೆಜಿ ನದಿಯನ್ನು ಸೇರುತ್ತದೆ. ಬೋಟ್ಸ್ವಾನಾ, ನಮೀಬಿಯಾ, ಜಾಂಬಿಯಾ ಮತ್ತು ಜಿಂಬಾಬ್ವೆ ಎಂಬ ನಾಲ್ಕು ದೇಶಗಳ ಗಡಿಗಳು ಹೆಚ್ಚುಕಡಿಮೆ ಒಂದೆಡೆ ಸೇರುವುದೂ ಅಲ್ಲಿಯೇ.

ಈ ಕೊನೆಯ ಭಾಗದಲ್ಲಿ ನದಿಯ ನಡವಳಿಕೆ ಬಹಳ ವಿಚಿತ್ರ. ನೆಲ ಎಷ್ಟು ಸಮತಟ್ಟಾಗಿದೆಯೆಂದರೆ, ಚೋಬೆಯಲ್ಲಿ ನೀರು ಯಾವ ಕಡೆಗೆ ಹರಿಯಬೇಕೆಂಬುದನ್ನು ಹಲವು ತಿಂಗಳ ಕಾಲ ನಿರ್ಧರಿಸುವುದು ಜಾಂಬೆಜಿ. ಜಾಂಬಿಯಾ ಮತ್ತು ಅಂಗೋಲಾದಲ್ಲಿ ನವೆಂಬರಿನಿಂದ ಮಾರ್ಚಿಯವರೆಗೆ ಸುರಿದ ಮಳೆ, ವಿಶಾಲವಾದ ಬಯಲುಗಳಲ್ಲಿ ಹರಡಿ, ತಂಗಿ, ನಿಧಾನವಾಗಿ ಕೆಳಗಿಳಿಯುತ್ತದೆ. ಹೀಗಾಗಿ ಜಾಂಬೆಜಿಯ ನೆರೆ ಕಸಾನೆಯ ಹತ್ತಿರ ಏರುವ ಹೊತ್ತಿಗೆ ಏಪ್ರಿಲ್ ಬಂದಿರುತ್ತದೆ. ಕೆಳಗೆ ಮಂಬೋವಾ ಎಂಬಲ್ಲಿ ಕರಿಬಂಡೆಯ ಸಾಲೊಂದು ನದಿಗೆ ಅಡ್ಡಲಾಗಿರುವುದರಿಂದ ಅಷ್ಟು ನೀರು ಒಮ್ಮೆಗೇ ಹೊರಹೋಗಲಾರದು. ಅದು ಒತ್ತಿಕೊಂಡು ಚೋಬೆಯ ಪಾತ್ರದೊಳಗೆ ಹಿಂದಕ್ಕೆ ನುಗ್ಗುತ್ತದೆ. ಉಪನದಿ ಕೆಲವು ಕಾಲ ತಾನು ಬಂದ ದಿಕ್ಕಿಗೇ ಹರಿಯುತ್ತದೆ. ಉತ್ತರ ದಡದ ಆಚೆಯ ನಮೀಬಿಯಾದ ಬಯಲು ನೂರಾರು ಚದರ ಕಿಲೋಮೀಟರುಗಳಷ್ಟು ಮುಳುಗಿ, ಹುಲ್ಲಿನ ತುದಿಗಳು ಮಾತ್ರ ಕಾಣುವ ಕೆರೆಯಂತಾಗುತ್ತದೆ. ಜೂನ್ ನಂತರ ಇದೆಲ್ಲವೂ ಇಳಿಯಲಾರಂಭಿಸಿ, ಅಕ್ಟೋಬರಿನ ಹೊತ್ತಿಗೆ ಮರಳುದಿಣ್ಣೆಗಳು ಮೇಲೆದ್ದು, ದೋಣಿ ನಡೆಸುವವರು ಆಳವಿರುವ ಜಾಡನ್ನು ಹುಡುಕಿಕೊಂಡು ಸಾಗಬೇಕಾಗುತ್ತದೆ.

ಆದ್ದರಿಂದ ಇಲ್ಲಿ ನೀರಿಗೆ ಎರಡು ಪಂಚಾಂಗಗಳಿವೆ. ಒಂದು ಸ್ಥಳೀಯ ಮಳೆಯದು; ನವೆಂಬರಿನಲ್ಲಿ ಆರಂಭವಾಗಿ ಮಾರ್ಚಿಯಲ್ಲಿ ಮುಗಿಯುತ್ತದೆ. ಇನ್ನೊಂದು ದೂರದ ಮಳೆಯಿಂದ ಬಂದ ನೆರೆಯದು. ಸ್ಥಳೀಯ ಮಳೆ ನಿಂತ ಮೇಲೆ ತುದಿ ಮುಟ್ಟುತ್ತದೆ. ಪ್ರಾಣಿಗಳ ಓಡಾಟವನ್ನು ನಿರ್ಧರಿಸುವುದು ಬಹುಮಟ್ಟಿಗೆ ಮೊದಲನೆಯದು. ಚೋಬೆಯ ದಕ್ಷಿಣಕ್ಕೆ ಹಬ್ಬಿರುವ ಕಾಡು ನಿಂತಿರುವುದು ಕಲಹಾರಿಯ ಮರಳಿನ ಮೇಲೆ. ಮರಳು ನೀರನ್ನು ಹೀರಿಕೊಳ್ಳುವುದರಿಂದ ಅಲ್ಲಿ ಹಳ್ಳತೊರೆಗಳು ಹುಟ್ಟುವುದಿಲ್ಲ. ತಳದಲ್ಲಿ ಜೇಡಿಮಣ್ಣು ಇರುವ ತಗ್ಗುಗಳಲ್ಲಿ ಮಾತ್ರ ಮಳೆನೀರು ನಿಲ್ಲುತ್ತದೆ. ಇಂಥ ಆಳವಿಲ್ಲದ ಹೊಂಡಗಳು ಮಳೆಗಾಲದಲ್ಲಿ ಸಾವಿರಾರು ಇರುತ್ತವೆ. ಅವು ತುಂಬಿರುವಷ್ಟು ದಿನ ಆನೆಗಳು ನದಿಯ ಹಂಗಿಲ್ಲದೆ ಒಳನಾಡಿನಲ್ಲಿ ಚದುರಿ, ಹೊಸ ಚಿಗುರನ್ನು ಮೇಯುತ್ತ, ಪೂರ್ವದಲ್ಲಿ ಜಿಂಬಾಬ್ವೆಯವರೆಗೂ ಹೋಗಿಬರುತ್ತವೆ. ಮೇ ತಿಂಗಳಿಂದ ಹೊಂಡಗಳು ಒಂದೊಂದಾಗಿ ಒಣಗುತ್ತವೆ. ಬೆಳೆದ ಆನೆಯೊಂದಕ್ಕೆ ದಿನಕ್ಕೆ ನೂರು ಲೀಟರಿಗೂ ಹೆಚ್ಚು ನೀರು ಬೇಕು; ಮರಿಗಳಿರುವ ಹಿಂಡಂತೂ ನೀರಿನಿಂದ ಬಹಳ ದೂರ ಇರಲಾರದು. ಕೊನೆಯ ಹೊಂಡವೂ ಕೆಸರಾದ ಮೇಲೆ ಉಳಿಯುವ ದಾರಿ ಒಂದೇ, ವರ್ಷವಿಡೀ ಬತ್ತದ ಚೋಬೆ.

ನಮ್ಮ ಕಬಿನಿ ಹಿನ್ನೀರಿನ ಅಂಚಿನಲ್ಲಿ ಮಾರ್ಚಿಯಿಂದ ಮೇವರೆಗೆ ಆನೆಗಳು ಜಮಾಯಿಸುವುದನ್ನು ನೋಡಿದವರಿಗೆ ಈ ಲೆಕ್ಕ ಹೊಸತಲ್ಲ. ನಾಗರಹೊಳೆ ಮತ್ತು ಬಂಡೀಪುರದ ಕೆರೆಕಟ್ಟೆಗಳು ಬತ್ತಿದಾಗ, ಜಲಾಶಯ ಇಳಿದು ಬಯಲಾದ ನೆಲದಲ್ಲಿ ಹಸಿರು ಹುಲ್ಲು ಚಿಗುರಿದಾಗ, ಅಲ್ಲಿಯೂ ಇದೇ ಆಗುತ್ತದೆ. ಕಬಿನಿಯಲ್ಲಿ ನೀರಿನ ಏರಿಳಿತ ಅಣೆಕಟ್ಟಿನ ಬಾಗಿಲುಗಳ ಕೈಯಲ್ಲಿದೆ. ಚೋಬೆಯಲ್ಲಿ ಅದು ನೂರಾರು ಕಿಲೋಮೀಟರು ದೂರದ ಮಳೆಯ ಕೈಯಲ್ಲಿದೆ, ಅಷ್ಟೆ.

ಪ್ರಮಾಣದಲ್ಲಿ ಮಾತ್ರ ಎರಡಕ್ಕೂ ಹೋಲಿಕೆಯೇ ಇಲ್ಲ. ಅಂಗೋಲಾ, ಬೋಟ್ಸ್ವಾನಾ, ನಮೀಬಿಯಾ, ಜಾಂಬಿಯಾ, ಜಿಂಬಾಬ್ವೆ ದೇಶಗಳು 2011ರ ಒಪ್ಪಂದದ ಮೂಲಕ ರೂಪಿಸಿಕೊಂಡ ಕವಾಂಗೊ-ಜಾಂಬೆಜಿ ಗಡಿಯಾಚೆಯ ಸಂರಕ್ಷಣಾ ವಲಯದ ವಿಸ್ತಾರ ಸುಮಾರು 5,20,000 ಚದರ ಕಿಲೋಮೀಟರು. 2022ರಲ್ಲಿ ಐದೂ ದೇಶಗಳು ಒಟ್ಟಾಗಿ ವಿಮಾನದಿಂದ ನಡೆಸಿದ ಗಣತಿಯ ಅಂದಾಜಿನಂತೆ ಈ ವಲಯದಲ್ಲಿ ಸುಮಾರು 2,27,900 ಆನೆಗಳಿವೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ 1,30,000ಕ್ಕೂ ಮಿಕ್ಕಿ, ಬೋಟ್ಸ್ವಾನಾದಲ್ಲಿಯೇ ಇವೆ. ಇವೆಲ್ಲವೂ ಚೋಬೆಯ ದಡಕ್ಕೆ ಬರುವುದಿಲ್ಲ. ಆದರೆ ಮಳೆಯಿಲ್ಲದ ತಿಂಗಳುಗಳ ಕೊನೆಯಲ್ಲಿ ನೀರು ಉಳಿಯುವ ತಾಣಗಳು ಎಷ್ಟು ಕಡಿಮೆಯೆಂದರೆ, ಬರುವ ಪಾಲೇ ದೊಡ್ಡದು.

ಆನೆಗಳಷ್ಟು ಗಮನ ಸೆಳೆಯದಿದ್ದರೂ ಜೀಬ್ರಾಗಳ ಕಥೆ ಇನ್ನೂ ಸ್ವಾರಸ್ಯಕರವಾಗಿದೆ. ಮಳೆಯಿಲ್ಲದ ತಿಂಗಳುಗಳಲ್ಲಿ ಚೋಬೆಯ ಬಯಲಿನಲ್ಲಿ ಮೇಯುವ ಜೀಬ್ರಾಗಳು ಮಳೆ ಬಿದ್ದೊಡನೆ ಎಲ್ಲಿಗೆ ಹೋಗುತ್ತವೆಂಬುದು ಬಹುಕಾಲ ಸರಿಯಾಗಿ ತಿಳಿದಿರಲಿಲ್ಲ. ಉಪಗ್ರಹದ ಸಂಕೇತ ಕಳಿಸುವ ಕೊರಳಪಟ್ಟಿಗಳನ್ನು ತೊಡಿಸಿ ನೋಡಿದಾಗ, ಅವು ನೇರವಾಗಿ ದಕ್ಷಿಣಕ್ಕೆ ನಡೆದು ನ್ಯಾಕ್ಸಿ ಪ್ಯಾನ್ ಎಂಬ ಉಪ್ಪುನೆಲದ ಹುಲ್ಲುಗಾವಲನ್ನು ಸೇರುವುದು ಗೊತ್ತಾಯಿತು. ಹೋಗಿಬರುವ ದೂರ ಸುಮಾರು 500 ಕಿಲೋಮೀಟರು. 2014ರಲ್ಲಿ ಪ್ರಕಟವಾದ ಈ ಅಧ್ಯಯನವು ಅದನ್ನು ಆಫ್ರಿಕಾದಲ್ಲಿ ದಾಖಲಾಗಿರುವ ನೆಲದ ವಲಸೆಗಳ ಪೈಕಿ ಅತ್ಯಂತ ಉದ್ದನೆಯದೆಂದು ಗುರುತಿಸಿತು.

ಹಾಗಾದರೆ ಜೀಪಿನಲ್ಲಿ ನೋಡುವುದನ್ನು ಬಿಟ್ಟು ದೋಣಿಯನ್ನೇಕೆ ಹತ್ತಬೇಕು? ಜೀಪು ಪ್ರಾಣಿಯ ಬೆನ್ನ ಕಡೆಯಿಂದ ಬರುತ್ತದೆ. ಕಾಡಿನ ದಾರಿಯಲ್ಲಿ ನಿಂತ ವಾಹನವು ಆನೆಗಳ ಹಿಂಡನ್ನು ನೀರಿನಿಂದ ಬೇರ್ಪಡಿಸಿಬಿಡಬಹುದು, ತಾಯಿ ಮತ್ತು ಮರಿಯ ನಡುವೆ ಸಿಲುಕಿಕೊಳ್ಳಬಹುದು. ದೋಣಿಯಾದರೋ ಹಿಂಡಿನ ಮುಂದೆ, ಅದು ಹೇಗೂ ಮುಖ ಮಾಡಿ ನಿಂತಿರುವ ದಿಕ್ಕಿನಲ್ಲಿರುತ್ತದೆ. ಹಿಂದಕ್ಕೆ ಸರಿಯುವ ದಾರಿ ಪ್ರಾಣಿಗೆ ಸದಾ ತೆರೆದಿರುತ್ತದೆ. ವರ್ಷಗಳಿಂದ ದೋಣಿಗಳನ್ನು ಕಂಡು, ಅವುಗಳಿಂದ ಕೇಡಿಲ್ಲವೆಂದು ಅರಿತಿರುವ ಪ್ರಾಣಿಗಳು ಎಂಜಿನ್ ಆರಿಸಿದ ದೋಣಿಯನ್ನು ಬಹುಮಟ್ಟಿಗೆ ಲೆಕ್ಕಕ್ಕೇ ಇಡುವುದಿಲ್ಲ. ಇದಲ್ಲದೆ, ಚಿಕ್ಕ ದೋಣಿಯಲ್ಲಿ ಕುಳಿತವರ ಕಣ್ಣು ನೀರಿನ ಮಟ್ಟಕ್ಕೆ ಹತ್ತಿರವಿರುತ್ತದೆ. ಜೀಪಿನಿಂದ ಮೇಲಿನಿಂದ ಕಾಣುವ ಮೊಸಳೆ ಇಲ್ಲಿ ಎದುರಾಬದುರಾಗಿ ಕಾಣುತ್ತದೆ. ಬಿಸಿಲಿನಲ್ಲಿ ಮೈ ಕಾಯಿಸಿಕೊಳ್ಳುತ್ತ, ತಲೆ ಹೆಚ್ಚು ಬಿಸಿಯಾಗದಂತೆ ಬಾಯಿ ತೆರೆದು ಮಲಗಿದ ಅದರ ಹಲ್ಲುಗಳನ್ನು ಎಣಿಸಬಹುದು.

ದೋಣಿಯಿಂದ ಹತ್ತಿರದಲ್ಲಿ ನೋಡಲೇಬೇಕಾದ ಒಂದು ದೃಶ್ಯ ಆನೆ ಹುಲ್ಲು ತಿನ್ನುವುದು. ಕಸಾನೆಯಿಂದ ಸ್ವಲ್ಪ ಮೇಲಕ್ಕೆ ನದಿಯ ನಡುವೆ ಸೆಡುಡು ಎಂಬ ಚಪ್ಪಟೆಯಾದ ದ್ವೀಪವಿದೆ. ನೆರೆ ಇಳಿದ ಮೇಲೆ ಅದರ ತುಂಬ ಹುಲ್ಲು. ಗಂಡಾನೆಗಳು ಸೊಂಡಿಲಿನಿಂದ ಒಂದು ಹಿಡಿ ಹುಲ್ಲನ್ನು ಸುತ್ತಿ, ಗಟ್ಟಿಯಾಗಿದ್ದರೆ ಮುಂಗಾಲಿನ ಉಗುರಿನಿಂದ ಬುಡಕ್ಕೆ ಒದ್ದು ಕಿತ್ತು, ಬೇರಿಗೆ ಅಂಟಿದ ಮಣ್ಣು ಉದುರುವವರೆಗೆ ಕಾಲಿಗೋ ನೀರಿಗೋ ಪಟಪಟನೆ ಬಡಿದು, ಆಮೇಲೆ ಬಾಯಿಗೆ ಹಾಕಿಕೊಳ್ಳುತ್ತವೆ. ಇದು ಕೇವಲ ಶುಚಿಯ ಪ್ರಶ್ನೆಯಲ್ಲ. ಆನೆಗೆ ಬಾಳಿನುದ್ದಕ್ಕೂ ಸಿಗುವುದು ಆರು ಸರದಿಯ ದವಡೆ ಹಲ್ಲುಗಳು. ಕೊನೆಯ ಸರದಿ ಸವೆದ ಮೇಲೆ ಅಗಿಯಲಾಗದೆ ಅದು ಸೊರಗುತ್ತದೆ. ಮರಳು ಮೆತ್ತಿದ ಹುಲ್ಲು ತಿಂದಷ್ಟೂ ಹಲ್ಲು ಬೇಗ ಸವೆಯುತ್ತದೆ.

ದ್ವೀಪಕ್ಕೆ ಹೋಗಲು ಆನೆಗಳು ಈಜಬೇಕು. ದಡದಲ್ಲಿ ಸ್ವಲ್ಪ ಹೊತ್ತು ತಡವರಿಸಿ, ಹಿರಿಯ ಹೆಣ್ಣಾನೆ ಇಳಿದೊಡನೆ ಉಳಿದವು ಹಿಂಬಾಲಿಸುತ್ತವೆ. ಮರಿಗಳನ್ನು ದೊಡ್ಡವು ನಡುವೆ ಇಟ್ಟುಕೊಳ್ಳುತ್ತವೆ. ಆಳ ಬಂದಾಗ ಬೆನ್ನೂ ತಲೆಯೂ ಮುಳುಗಿ, ನೀರಿನ ಮೇಲೆ ಸೊಂಡಿಲಿನ ತುದಿ ಮಾತ್ರ ಕಾಣುತ್ತದೆ. ಇದು ನೋಡಲು ಸುಲಭವಾಗಿ ಕಂಡರೂ ಶರೀರದ ದೃಷ್ಟಿಯಿಂದ ಸುಲಭವಲ್ಲ. ಮುಳುಗಿದ ದೇಹದ ಮೇಲೆ ನೀರಿನ ಒತ್ತಡವಿರುತ್ತದೆ, ಉಸಿರಾಡುವ ಗಾಳಿ ಮಾತ್ರ ಮೇಲಿನ ಸಾಧಾರಣ ಒತ್ತಡದಲ್ಲಿರುತ್ತದೆ; ಎರಡರ ನಡುವಿನ ಈ ಅಂತರ ಎದೆಗೂಡಿನ ಒಳಪದರದ ಸೂಕ್ಷ್ಮ ರಕ್ತನಾಳಗಳನ್ನು ಒಡೆಯುವಷ್ಟು ಹೆಚ್ಚಾಗಬಲ್ಲದು. ನಮ್ಮಲ್ಲಿ ಶ್ವಾಸಕೋಶಕ್ಕೂ ಎದೆಗೋಡೆಗೂ ನಡುವೆ ತೆಳುವಾದ ದ್ರವವಿರುವ ಒಂದು ಸಂದು ಇದೆ. ಆನೆಯಲ್ಲಿ ಆ ಸಂದೇ ಇಲ್ಲ; ಅದರ ಜಾಗವನ್ನು ಸಡಿಲವಾದ ಅಂಗಾಂಶ ತುಂಬಿಕೊಂಡಿದೆ. ಸೊಂಡಿಲನ್ನು ಕೊಳವೆಯಂತೆ ಎತ್ತಿ ಉಸಿರಾಡುವ ಅಭ್ಯಾಸಕ್ಕಾಗಿಯೇ ಈ ರಚನೆ ವಿಕಾಸಗೊಂಡಿರಬೇಕು ಎಂಬ ವಿವರಣೆಯನ್ನು ಶರೀರಕ್ರಿಯಾ ತಜ್ಞ ಜಾನ್ ವೆಸ್ಟ್ ಮುಂದಿಟ್ಟರು. ಅದು ಊಹೆಯೇ ಆದರೂ, ಆನೆಗಳ ಸಾಲು ಚೋಬೆಯನ್ನು ದಾಟುವುದನ್ನು ನೋಡುವಾಗ ಮನಸ್ಸಿಗೆ ಒಪ್ಪುವಂಥ ಊಹೆ.

ಈ ದ್ವೀಪದ ಒಡೆತನದ ಪ್ರಶ್ನೆ ಅಂತರರಾಷ್ಟ್ರೀಯ ನ್ಯಾಯಾಲಯದ ಮೆಟ್ಟಿಲೇರಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಇಂದು ದೋಣಿಗಳು ಎಲ್ಲಿ ಓಡಾಡಬಹುದು ಎಂಬುದು ಆ ತೀರ್ಪಿಗೆ ಅಂಟಿಕೊಂಡಿದೆ. ಇಂದಿನ ಬೋಟ್ಸ್ವಾನಾ ಆಗ ಬ್ರಿಟನ್ನಿನ ಕೈಯಲ್ಲಿತ್ತು, ನಮೀಬಿಯಾ ಜರ್ಮನಿಯ ಕೈಯಲ್ಲಿತ್ತು; ಆ ಎರಡು ದೇಶಗಳು 1890ರಲ್ಲಿ ಆಫ್ರಿಕಾದ ನೆಲವನ್ನು ಹಂಚಿಕೊಳ್ಳುವಾಗ, ಚೋಬೆಯ ಮುಖ್ಯ ಪ್ರವಾಹದ ನಡುವೆ ಗಡಿ ಎಂದು ಬರೆದುಕೊಂಡವು. ದ್ವೀಪದ ಎರಡೂ ಬದಿಗಳಲ್ಲಿ ನದಿ ಹರಿಯುತ್ತದೆ; ಯಾವುದು ಮುಖ್ಯ ಪ್ರವಾಹ? ಉತ್ತರದ್ದು ಮುಖ್ಯವಾದರೆ ದ್ವೀಪ ಬೋಟ್ಸ್ವಾನಾದ್ದು, ದಕ್ಷಿಣದ್ದಾದರೆ ನಮೀಬಿಯಾದ್ದು. ನಮೀಬಿಯಾದವರು ಅದನ್ನು ಕಸಿಕಿಲಿ ಎನ್ನುತ್ತಾರೆ. ಆ ಕಡೆಯ ಮಸುಬಿಯಾ ಜನರು ನೆರೆ ಇಳಿದಾಗ ದ್ವೀಪದಲ್ಲಿ ಬೇಸಾಯ ಮಾಡುತ್ತಿದ್ದುದನ್ನು ನಮೀಬಿಯಾ ತನ್ನ ಪರವಾದ ಸಾಕ್ಷ್ಯವಾಗಿ ಮಂಡಿಸಿತು. ನ್ಯಾಯಾಲಯವು ಆಳ, ಅಗಲ, ನೀರಿನ ಹರಿವು ಇವುಗಳನ್ನು ಪರಿಶೀಲಿಸಿ, 1999ರ ಡಿಸೆಂಬರ್ 13ರಂದು, 11-4ರ ಬಹುಮತದಿಂದ, ಸುಮಾರು ಮೂರೂವರೆ ಚದರ ಕಿಲೋಮೀಟರಿನ ಈ ದ್ವೀಪ ಬೋಟ್ಸ್ವಾನಾಕ್ಕೆ ಸೇರಿದ್ದೆಂದು ತೀರ್ಪಿತ್ತಿತು. ಜನರು ಉಳುತ್ತಿದ್ದ ಮಾತ್ರಕ್ಕೆ ಅದು ರಾಜ್ಯಾಧಿಕಾರದ ಗುರುತಾಗುವುದಿಲ್ಲ ಎಂದಿತು. ಎರಡೂ ದೇಶಗಳ ಪ್ರಜೆಗಳಿಗೂ ದೋಣಿಗಳಿಗೂ ಎರಡೂ ಕವಲುಗಳಲ್ಲಿ ಸಮಾನ ಹಕ್ಕು ಇರಬೇಕೆಂಬ ಭಾಗಕ್ಕೆ ಮಾತ್ರ ಎಲ್ಲ ನ್ಯಾಯಾಧೀಶರ ಸಮ್ಮತಿ ಸಿಕ್ಕಿತು. ನಮೀಬಿಯಾದ ದಡದ ವಸತಿಗೃಹಗಳಿಂದ ಹೊರಟ ದೋಣಿಗಳನ್ನೂ ಕಸಾನೆಯ ದೋಣಿಗಳನ್ನೂ ಒಂದೇ ನೀರಿನಲ್ಲಿ ಕಾಣುವುದಕ್ಕೆ ಇದೇ ಹಿನ್ನೆಲೆ. ಬಹುಮತವನ್ನು ಒಪ್ಪದ ನಾಲ್ವರಲ್ಲಿ ಒಬ್ಬರಾದ ಶ್ರೀಲಂಕಾದ ಕ್ರಿಸ್ಟೋಫರ್ ವೀರಮಂತ್ರಿ, ವನ್ಯಜೀವಿಗಳ ದೃಷ್ಟಿಯಿಂದ ದ್ವೀಪವನ್ನು ಎರಡೂ ದೇಶಗಳು ಜೊತೆಯಾಗಿ ಕಾಪಾಡಬೇಕೆಂಬ ವಾದ ಹೂಡಿದ್ದರು. ಗಡಿಯನ್ನು ದಿನಕ್ಕೆರಡು ಬಾರಿ ದಾಟಬಲ್ಲ ಆನೆಗಳನ್ನು ನೆನೆದರೆ, ಸೋತ ಆ ಅಭಿಪ್ರಾಯವೇ ಹೆಚ್ಚು ದೂರದೃಷ್ಟಿಯದು ಎನಿಸುತ್ತದೆ.

ನದಿಯ ಎರಡು ದಡಗಳೂ ಒಂದೇ ಬಗೆಯವಲ್ಲ. ಎಡಕ್ಕೆ ತಿರುಗಿದರೆ ಉದ್ಯಾನ, ಕಾಡೆಮ್ಮೆಗಳ ಹಿಂಡು. ಬಲಕ್ಕೆ ತಿರುಗಿದರೆ ನಮೀಬಿಯಾದ ಬಯಲಿನಲ್ಲಿ ದನಗಳು ಮೇಯುತ್ತಿರುತ್ತವೆ, ಸಣ್ಣ ದೋಣಿಗಳಲ್ಲಿ ಬೆಸ್ತರು ಬಲೆ ಬಿಡುತ್ತಿರುತ್ತಾರೆ. ಅಲ್ಲಿಯ ಕಸಿಕಾ, ಇಂಪಲಿಲಾ ಮುಂತಾದ ಊರುಗಳ ಜನ ಸಮುದಾಯ ಸಂರಕ್ಷಣಾ ವಲಯಗಳನ್ನು ಕಟ್ಟಿಕೊಂಡು ಪ್ರವಾಸದ ಆದಾಯದಲ್ಲಿ ಪಾಲು ಪಡೆಯುತ್ತಾರೆ. ಅದೇ ಆನೆಗಳು ರಾತ್ರಿ ಅವರ ಜೋಳದ ಹೊಲಗಳಿಗೂ ನುಗ್ಗುತ್ತವೆ. ದೋಣಿಯಲ್ಲಿ ಕುಳಿತವರಿಗೆ ಬಲಗಡೆಯ ದಡ ನೀರಸವೆನಿಸುವುದುಂಟು. ಆನೆಗಳೊಂದಿಗೆ ಬದುಕುವುದರ ಬೆಲೆ ತೆರುವವರು ಇರುವುದು ಮಾತ್ರ ಆ ಕಡೆಯಲ್ಲಿ.

ಎಡದಂಡೆಯಲ್ಲಿ ಇನ್ನೊಂದನ್ನು ಗಮನಿಸಬೇಕು. ದೊಡ್ಡ ಮರಗಳು ಅಲ್ಲಲ್ಲಿ ಸತ್ತು ಬೆಳ್ಳಗೆ ನಿಂತಿವೆ, ನಡುವೆ ಕುರುಚಲು ಗಿಡ. ಆನೆಗಳು ಕಾಡನ್ನು ಹಾಳು ಮಾಡಿವೆ ಎಂಬ ಮಾತು ನೋಡಿದ ಕೂಡಲೇ ಬಾಯಿಗೆ ಬರುತ್ತದೆ. ಇತಿಹಾಸ ಇಷ್ಟು ಸರಳವಾಗಿಲ್ಲ. 19ನೆಯ ಶತಮಾನದಲ್ಲಿ ದಂತದ ವ್ಯಾಪಾರಿಗಳು ಇಲ್ಲಿಯ ಆನೆಗಳನ್ನು ಬಹುತೇಕ ಮುಗಿಸಿದ್ದರು. 1896-97ರಲ್ಲಿ ಹರಡಿದ, ರಿಂಡರ್‌ಪೆಸ್ಟ್ ಎಂಬ ದನಗಳ ದೊಡ್ಡರೋಗವು ಕಾಡೆಮ್ಮೆಗಳನ್ನೂ ಜಿಂಕೆಯಂಥ ಪ್ರಾಣಿಗಳನ್ನೂ ಬಲಿ ತೆಗೆದುಕೊಂಡಿತು. ಮೊಳಕೆಗಳನ್ನು ಮೇಯುವವರಿಲ್ಲದ ಆ ಅಂತರದಲ್ಲಿ ದಡದ ಉದ್ದಕ್ಕೂ ಜಾಲಿ ಜಾತಿಯ ಮರಗಳು ಒಟ್ಟಿಗೆ ಬೆಳೆದು ನಿಂತವು. ಆಮೇಲೆ ಮರ ಕಡಿಯುವ ಉದ್ಯಮ ಬಂತು, ಹೋಯಿತು. ಉದ್ಯಾನವಾದ ಮೇಲೆ ಆನೆಗಳು ಮರಳಿ ಹೆಚ್ಚಿದವು. ಅಸಹಜವಾಗಿ ದಟ್ಟವಾಗಿದ್ದ ಆ ಮರಗಳು ಒಂದೊಂದಾಗಿ ಬಿದ್ದವು. ಆನೆಗಳು ಇಷ್ಟಪಡದ ಪೊದೆಗಳು ಆ ಜಾಗದಲ್ಲಿ ಹರಡಿ, ಅವುಗಳನ್ನು ಮೇಯುವ, ಜಿಂಕೆಯಂಥ ಇಂಪಾಲಾಗಳ ಸಂಖ್ಯೆ ಏರಿತು. ಹಳೆಯ ಮರಗಳಿದ್ದ ದಡವೇ ಸಹಜ ಸ್ಥಿತಿ ಎಂದು ನಂಬಿದವರು, ಬೇಟೆ ಮತ್ತು ರೋಗ ಉಂಟುಮಾಡಿದ ಸ್ಥಿತಿಯನ್ನೇ ಸಹಜವೆಂದು ತಿಳಿದಂತಾಗುತ್ತದೆ.

ಇನ್ನು ಅಪಾಯದ ಮಾತು. ಚೋಬೆಯಲ್ಲಿ ದೋಣಿ ನಡೆಸುವವರು ಮೊಸಳೆಗಿಂತ ನೀರಾನೆಯ ವಿಷಯದಲ್ಲಿ ಹೆಚ್ಚು ಎಚ್ಚರದಿಂದಿರುತ್ತಾರೆ. ನೀರಾನೆಯ ಚರ್ಮ ಬಿಸಿಲಿಗೆ ಬೇಗ ತೇವ ಕಳೆದುಕೊಳ್ಳುವುದರಿಂದ ಹಗಲೆಲ್ಲ ಅದು ನೀರಿನಲ್ಲಿದ್ದು, ರಾತ್ರಿ ದಡಕ್ಕೆ ಬಂದು ಮೇಯುತ್ತದೆ. ಹೆದರಿದಾಗ ಅದಕ್ಕೆ ಗೊತ್ತಿರುವ ರಕ್ಷಣೆ ಆಳವಾದ ನೀರು ಒಂದೇ. ಮೋಡ ಕವಿದ ಸಂಜೆ ಬೇಗನೆ ದಡ ಹತ್ತಿದ ನೀರಾನೆಗೂ ನೀರಿಗೂ ನಡುವೆ ದೋಣಿ ನಿಂತರೆ, ಅದು ದೋಣಿಯನ್ನು ಬಳಸಿ ಹೋಗುವುದಿಲ್ಲ, ನೇರವಾಗಿ ನುಗ್ಗುತ್ತದೆ. ಮಡುವಿನಲ್ಲಿ ಹಿಂಡಿನ ಒಡೆಯನಾದ ಗಂಡು ಬಾಯಗಲಿಸಿ ಕೋರೆ ತೋರಿಸುವುದನ್ನು ಪ್ರವಾಸಿಗರು ಆಕಳಿಕೆಯೆಂದು ತಿಳಿದು ಚಿತ್ರ ತೆಗೆಯುತ್ತಾರೆ; ಬಲ್ಲ ಚಾಲಕ ಅಷ್ಟರಲ್ಲಿ ದೋಣಿಯನ್ನು ಹಿಂದಕ್ಕೆ ಎಳೆದಿರುತ್ತಾನೆ. ಮುಳುಗಿದ ನೀರಾನೆ ಎಲ್ಲಿ ಏಳುತ್ತದೆಂದು ಹೇಳಲಾಗದ ಕಾರಣ, ಅದರ ಮಡುವಿನ ಮೇಲೆ ದೋಣಿ ಹಾಯಿಸದೆ ಆಳವಾದ ಕಡೆಯನ್ನು ಅದಕ್ಕೆ ಬಿಟ್ಟುಕೊಟ್ಟು ಸುತ್ತಿಕೊಂಡು ಹೋಗುವುದು ರೂಢಿ.

ದೋಣಿಗಳಿಂದ ಪ್ರಾಣಿಗಳಿಗೆ ಆಗುವ ತೊಂದರೆಯೂ ಇದೆ, ಅದು ಅಷ್ಟಾಗಿ ಕಣ್ಣಿಗೆ ಬೀಳದು. ಆಫ್ರಿಕನ್ ಸ್ಕಿಮ್ಮರ್ ಎಂಬ ಹಕ್ಕಿಯ ಕೆಳಕೊಕ್ಕು ಮೇಲಿನದಕ್ಕಿಂತ ಉದ್ದ. ಹಾರುತ್ತಲೇ ಅದನ್ನು ನೀರಿನಲ್ಲಿ ಸೀಳಿಕೊಂಡು ಹೋಗಿ, ಮೀನು ತಗುಲಿದೊಡನೆ ಕಚ್ಚಿಕೊಳ್ಳುತ್ತದೆ. ಇದು ಮೊಟ್ಟೆಯಿಡುವುದು ನೀರು ಇಳಿದು ಮರಳುದಿಣ್ಣೆಗಳು ತಲೆಯೆತ್ತಿದಾಗ, ಬರಿಯ ಮರಳಿನ ಗುಳಿಯಲ್ಲಿ. ಉರಿಬಿಸಿಲಿನಲ್ಲಿ ತಾಯಿತಂದೆ ಎದೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪಾಗಿಡುತ್ತವೆ. ಆನೆಗಳು ಹೆಚ್ಚು, ಆದ್ದರಿಂದ ಪ್ರವಾಸಿಗರೂ ದೋಣಿಗಳೂ ಹೆಚ್ಚು ಇರುವ ಕಾಲವೂ ಅದೇ. ವೇಗವಾಗಿ ಸಾಗಿದ ದೋಣಿಯ ಅಲೆ ತಗ್ಗಾದ ದಿಣ್ಣೆಯ ಮೇಲೆ ಒಮ್ಮೆ ಹಾಯ್ದರೆ ಗೂಡು ಮುಗಿಯಿತು. ಹತ್ತಿರ ಹೋಗಿ ನಿಂತರೆ ಹಕ್ಕಿ ಎದ್ದು ಹೋಗಿ ಮೊಟ್ಟೆ ಬಿಸಿಲಿಗೆ ಬೇಯುತ್ತದೆ. ಚಿತ್ರಕ್ಕಾಗಿ ಇನ್ನಷ್ಟು ಹತ್ತಿರ ಹೋಗೋಣವೆಂದು ಚಾಲಕರನ್ನು ಒತ್ತಾಯಿಸುವ ಮುನ್ನ ಇದನ್ನು ನೆನಪಿಡುವುದು ಒಳ್ಳೆಯದು.

ಯಾವ ದೋಣಿಯನ್ನು ಆರಿಸಬೇಕು ಎಂಬುದಕ್ಕೂ ಇಲ್ಲಿಯೇ ಉತ್ತರವಿದೆ. ಎರಡು ಅಂತಸ್ತಿನ ದೊಡ್ಡ ದೋಣಿಗಳು ಅಗ್ಗ. ಮೇಲಿನಿಂದ ಬಯಲು ದೂರದವರೆಗೆ ಕಾಣುತ್ತದೆ, ಆದರೆ ಎಲ್ಲರೂ ಒಂದೇ ಬದಿಗೆ ನುಗ್ಗುವುದು, ಗದ್ದಲ, ಆಳವಿಲ್ಲದ ಕಡೆ ಹೋಗಲಾಗದಿರುವುದು ಇವೆಲ್ಲ ಜೊತೆಗಿರುತ್ತವೆ. ಚಪ್ಪಟೆ ತಳದ ಚಿಕ್ಕ ದೋಣಿಗೆ ಹೆಚ್ಚು ಹಣ ಕೊಡಬೇಕು, ಅದಕ್ಕೆ ತಕ್ಕ ಅನುಭವ ಸಿಗುತ್ತದೆ. ಉದ್ಯಾನದೊಳಗಿರುವ ಚೋಬೆ ಗೇಮ್ ಲಾಡ್ಜ್ ಕಳೆದ ದಶಕದಿಂದ ಬ್ಯಾಟರಿಯ ದೋಣಿಗಳನ್ನು ಬಳಸುತ್ತಿದೆ. ಅಲ್ಲಿಯ ಮಾರ್ಗದರ್ಶಕರೆಲ್ಲರೂ ಮಹಿಳೆಯರು. ಎಂಜಿನ್ನಿನ ಸದ್ದಿಲ್ಲದಾಗ ಆನೆ ಹುಲ್ಲು ಬಡಿಯುವ ಸಪ್ಪಳವೂ ಕಿವಿಗೆ ಬೀಳುತ್ತದೆ.

ಕಾಲದ ವಿಷಯದಲ್ಲಿ ಆನೆಗಳೇ ಗುರಿಯಾದರೆ ಆಗಸ್ಟಿನಿಂದ ಅಕ್ಟೋಬರಿನವರೆಗಿನ ಮಧ್ಯಾಹ್ನದ ಸವಾರಿ ಸೂಕ್ತ, ಏಕೆಂದರೆ ಬಿಸಿಲು ಏರಿದ ಮೇಲೆಯೇ ಹಿಂಡುಗಳು ಕಾಡಿನಿಂದ ನೀರಿಗಿಳಿಯುತ್ತವೆ. ಬೆಳಗಿನ ದೋಣಿ ಹಕ್ಕಿಗಳಿಗೆ ಒಳ್ಳೆಯದು, ದಟ್ಟಣೆಯೂ ಕಡಿಮೆ. ಜೂನ್, ಜುಲೈ ತಿಂಗಳ ಮುಂಜಾವಿನಲ್ಲಿ ನೀರಿನ ಮೇಲೆ ಕೊರೆಯುವ ಚಳಿಯಿರುತ್ತದೆ, ಆಫ್ರಿಕಾ ಎಂದರೆ ಸೆಕೆ ಎಂದುಕೊಂಡು ಹೋದವರು ಕಂಬಳಿಗಾಗಿ ಪರದಾಡುತ್ತಾರೆ. ನವೆಂಬರಿನಲ್ಲಿ ಮೊದಲ ದೊಡ್ಡ ಮಳೆ ಬಿದ್ದರೆ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಒಳನಾಡಿನ ಹೊಂಡಗಳಲ್ಲಿ ನೀರು ನಿಂತ ಕೆಲವೇ ದಿನಗಳಲ್ಲಿ ಆನೆಗಳು ದಡ ಬಿಟ್ಟು ಚದುರುತ್ತವೆ, ಜೀಬ್ರಾಗಳು ದಕ್ಷಿಣದ ದಾರಿ ಹಿಡಿಯುತ್ತವೆ. ಆಗ ದೋಣಿ ಹತ್ತುವವರಿಗೆ ಸಿಗುವುದು ನೀರಾನೆ, ಮೊಸಳೆ, ಮೀನು ಹದ್ದು ಮತ್ತು ವಲಸೆ ಬಂದ ಹಕ್ಕಿಗಳು. ದರವೂ ಆಗ ಇಳಿದಿರುತ್ತದೆ.